ಅಂಗೈಯೊಳಗಿನ ಬ್ಯಾಂಕು

ನಮ್ಮ ಹಿರಿಯರಿಗೆ ಬ್ಯಾಂಕಿಗೆ ಹೋಗುವುದೆಂದರೆ ಒಂದು ಸಣ್ಣ ಪ್ರಯಾಣವಾಗಿತ್ತು. ಅಂದು ಅವರು ಹೊತ್ತಿಗೆ ಮುಂಚೆ ಊಟ ಮುಗಿಸಿ, ಮಡಿಸಿಟ್ಟ ಬಟ್ಟೆಯನ್ನು ಉಟ್ಟು, ಪಾಸ್‌ಬುಕ್ಕನ್ನು ವಸ್ತ್ರದಲ್ಲಿ ಸುತ್ತಿಕೊಂಡು ಮನೆಯಿಂದ ಹೊರಡುತ್ತಿದ್ದರು. ಅಲ್ಲಿ ಹಣ ತೆಗೆಯುವ ಚೀಟಿಯನ್ನು ಬರೆಯಬೇಕು, ಬರೆಯಲು ಬಾರದವರು ಬರೆಯಬಲ್ಲವರನ್ನು ಹುಡುಕಬೇಕು, ಸರದಿಯಲ್ಲಿ ನಿಲ್ಲಬೇಕು, ಗುಮಾಸ್ತರು ಹೆಸರು ಕೂಗಿದಾಗ ಓಗೊಡಬೇಕು, ಕೈಗೆ ಬಂದ ನೋಟುಗಳನ್ನು ಅಲ್ಲಿಯೇ ನಿಂತು ಎರಡು ಸಲ ಎಣಿಸಬೇಕು. ಇಷ್ಟಾಗುವ ಹೊತ್ತಿಗೆ ಅರ್ಧ ದಿನ ಕಳೆದಿರುತ್ತಿತ್ತು.

ಇಂದು ಅದೇ ಕೆಲಸ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಸಂತೆಯಲ್ಲಿ ಸೊಪ್ಪು ಮಾರುವ ಹೆಂಗಸಿನ ತಕ್ಕಡಿಯ ಪಕ್ಕದಲ್ಲಿ ಕಪ್ಪುಬಿಳುಪು ಚೌಕಗಳ ಒಂದು ಚಿತ್ರವಿರುತ್ತದೆ. ಕೊಳ್ಳುವವನು ತನ್ನ ಮೊಬೈಲನ್ನು ಅದರ ಮುಂದೆ ಹಿಡಿಯುತ್ತಾನೆ. ಬೆರಳಿನಿಂದ ನಾಲ್ಕೋ ಆರೋ ಅಂಕಿಗಳನ್ನು ಒತ್ತುತ್ತಾನೆ. ಮರುಕ್ಷಣದಲ್ಲಿ ಪುಟ್ಟ ಪೆಟ್ಟಿಗೆಯೊಂದು ಇಷ್ಟು ರೂಪಾಯಿ ಬಂದಿದೆ ಎಂದು ಗಟ್ಟಿಯಾಗಿ ಸಾರುತ್ತದೆ. ಬ್ಯಾಂಕು ಕಟ್ಟಡದಿಂದ ಇಳಿದು ಅಂಗೈಯೊಳಗೆ ಬಂದು ಕುಳಿತಿದೆ.

ಈ ಬದಲಾವಣೆ ಹೇಗಾಯಿತು? ಇದರಿಂದ ನಮಗೆ ಆದ ಲಾಭವೇನು? ಇದರಲ್ಲಿ ಹಿಂದುಳಿದವರು ಯಾರು? ಇವು ನಾವೆಲ್ಲರೂ ಯೋಚಿಸಬೇಕಾದ ಪ್ರಶ್ನೆಗಳು. ಮನುಷ್ಯನು ತನ್ನ ರೂಢಿಯನ್ನು ಸುಲಭವಾಗಿ ಬಿಡುವವನಲ್ಲ. ಇಪ್ಪತ್ತು ವರ್ಷಗಳ ಪ್ರಚಾರದಿಂದ ಆಗದ ಬದಲಾವಣೆ ಒಮ್ಮೊಮ್ಮೆ ಒಂದು ವಿಪತ್ತಿನಿಂದ ಆಗಿಬಿಡುತ್ತದೆ. 2020ನೆಯ ವರ್ಷ ನಮ್ಮ ಪಾಲಿಗೆ ಅಂತಹ ವರ್ಷವಾಗಿತ್ತು.

ಕೊರೋನಾ ಸೋಂಕು ಲೋಕವನ್ನೆಲ್ಲ ಆವರಿಸುತ್ತಿದ್ದ ಕಾಲ ಅದು. 2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಅದನ್ನು ಜಾಗತಿಕ ಸಾಂಕ್ರಾಮಿಕ ರೋಗವೆಂದು ಸಾರಿತು. ಮಾರ್ಚ್ 25ರಿಂದ ನಮ್ಮ ದೇಶದಲ್ಲಿ ಲಾಕ್‌ಡೌನ್ ಜಾರಿಗೆ ಬಂತು. ಮೊದಲು ಇಪ್ಪತ್ತೊಂದು ದಿನಗಳಿಗೆಂದು ವಿಧಿಸಿದ ಆ ನಿರ್ಬಂಧವು ಮತ್ತೆ ಮತ್ತೆ ಮುಂದುವರಿದು ಮೇ ತಿಂಗಳ ಕೊನೆಯವರೆಗೂ ನಡೆಯಿತು. ಬಸ್ಸು ರೈಲುಗಳು ನಿಂತವು, ಅಂಗಡಿಗಳು ಮುಚ್ಚಿದವು, ಶಾಲೆಗಳ ಗಂಟೆ ಮೌನವಾಯಿತು. ಆಸ್ಪತ್ರೆಯಂತೆ ಬ್ಯಾಂಕೂ ಅಗತ್ಯ ಸೇವೆಯೆಂದು ಎಣಿಕೆಯಾದುದರಿಂದ ಅದರ ಬಾಗಿಲು ತೆರೆದೇ ಇತ್ತು. ಆದರೆ ಒಳಗಿನ ಸಿಬ್ಬಂದಿ ಕಡಿಮೆಯಾಗಿತ್ತು, ಕೆಲಸದ ವೇಳೆ ಮೊಟಕಾಗಿತ್ತು. ಬಾಗಿಲ ಹೊರಗೆ ನೆಲದ ಮೇಲೆ ಸುಣ್ಣದಿಂದ ಬರೆದ ವೃತ್ತಗಳಿದ್ದವು. ಒಂದೊಂದು ವೃತ್ತದಲ್ಲಿ ಒಬ್ಬೊಬ್ಬರು ಮುಖ ಮುಚ್ಚಿಕೊಂಡು ಬಿಸಿಲಿನಲ್ಲಿ ನಿಲ್ಲುತ್ತಿದ್ದರು.

ಜನರಿಗೆ ನೋಟುಗಳ ಮೇಲೆಯೂ ಭಯ ಹುಟ್ಟಿತ್ತು. ಯಾವ ರೋಗಿಯ ಕೈ ಸೋಕಿ ಬಂದ ನೋಟೋ ಎಂದು ಕೆಲವರು ಅದನ್ನು ಬಿಸಿಲಿಗೆ ಒಣಗಿಸಿದರು; ಕೆಲವರು ಇಸ್ತ್ರಿ ಪೆಟ್ಟಿಗೆಯನ್ನು ಅದರ ಮೇಲೆ ಎಳೆದರು. ಇಂತಹ ವಸ್ತುಗಳನ್ನು ಮುಟ್ಟುವುದರಿಂದ ಸೋಂಕು ಹರಡುವ ಸಂಭವ ಬಹಳ ಕಡಿಮೆಯೆಂಬುದು ಅನಂತರ ತಿಳಿದುಬಂತು. ಆದರೆ ಅಂದಿನ ಭಯ ನಿಜವಾದ ಭಯವೇ ಆಗಿತ್ತು. ಮುಟ್ಟದೆ ಕೊಡುವ ಹಣ, ಮನೆಯಲ್ಲಿ ಕುಳಿತೇ ಕಳುಹಿಸುವ ಹಣ, ಆ ದಿನಗಳಲ್ಲಿ ಅನೇಕರಿಗೆ ವರವಾಗಿ ಕಂಡಿತು. ರಿಸರ್ವ್ ಬ್ಯಾಂಕೂ ಮನೆಯಿಂದಲೇ ಹಣ ಪಾವತಿ ಮಾಡಿರೆಂದು ಜನರನ್ನು ಕೇಳಿಕೊಂಡಿತು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಈ ಏರ್ಪಾಡು ವಿಪತ್ತಿನ ದಿನ ತಟಕ್ಕನೆ ಹುಟ್ಟಿದುದಲ್ಲ. ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು 2008ರಲ್ಲಿಯೇ ಸ್ಥಾಪಿತವಾಗಿತ್ತು. ಹಗಲುರಾತ್ರಿಯೆನ್ನದೆ ಒಂದು ಖಾತೆಯಿಂದ ಇನ್ನೊಂದು ಖಾತೆಗೆ ತಕ್ಷಣ ಹಣ ಕಳುಹಿಸುವ ಐಎಂಪಿಎಸ್ ಎಂಬ ವ್ಯವಸ್ಥೆ 2010ರಲ್ಲಿ ಬಂದಿತ್ತು. ಮೊಬೈಲಿನಿಂದಲೇ ಯಾವ ಬ್ಯಾಂಕಿಗಾದರೂ ಹಣ ಕಳುಹಿಸುವ ಯುಪಿಐ ವ್ಯವಸ್ಥೆ 2016ರ ಏಪ್ರಿಲ್‌ನಲ್ಲಿ ಆರಂಭವಾಗಿತ್ತು. ಬ್ಯಾಂಕಿನ ವೇಳೆಗೆ ಮಾತ್ರ ಸೀಮಿತವಾಗಿದ್ದ ನೆಫ್ಟ್ ಸೇವೆಯು 2019ರ ಡಿಸೆಂಬರ್ 16ರಿಂದ ದಿನದ ಇಪ್ಪತ್ತನಾಲ್ಕು ಗಂಟೆಯೂ ದೊರೆಯುವಂತಾಗಿತ್ತು. ಅಂದರೆ ಲಾಕ್‌ಡೌನಿಗೆ ಮೂರು ತಿಂಗಳು ಮುಂಚೆ. ಮಳೆ ಬರುವ ಮೊದಲೇ ಕೆರೆಯ ಏರಿಯನ್ನು ಕಟ್ಟಿದ್ದರಲ್ಲವೇ ನೀರು ನಿಲ್ಲುವುದು? ನಮ್ಮಲ್ಲಿ ಏರಿ ಸಿದ್ಧವಾಗಿತ್ತು.

ಆದರೂ ನೀರು ಕೂಡಲೇ ತುಂಬಲಿಲ್ಲ. 2020ರ ಫೆಬ್ರವರಿಯಲ್ಲಿ ಯುಪಿಐ ಮೂಲಕ ಸುಮಾರು 132 ಕೋಟಿ ವ್ಯವಹಾರಗಳು ನಡೆದಿದ್ದವು. ಏಪ್ರಿಲ್‌ನಲ್ಲಿ ಅವು 100 ಕೋಟಿಗೆ ಇಳಿದವು. ಇದು ಮೊದಲ ನೋಟಕ್ಕೆ ವಿಚಿತ್ರವೆನಿಸುತ್ತದೆ. ಆದರೆ ಕಾರಣ ಸರಳವಾಗಿದೆ. ಅಂಗಡಿ ಮುಚ್ಚಿದ್ದರೆ ಕೊಳ್ಳುವುದೆಲ್ಲಿ? ಬಸ್ಸು ಇಲ್ಲದಿದ್ದರೆ ಟಿಕೆಟ್ಟು ಪಡೆಯುವುದೆಲ್ಲಿಗೆ? ದುಡಿಮೆ ನಿಂತವನು ಯಾವ ಹಣವನ್ನು ಕಳುಹಿಸಿಯಾನು? ನಿರ್ಬಂಧಗಳು ಸಡಿಲಗೊಂಡು ಜನರು ಮತ್ತೆ ಬೀದಿಗೆ ಬಂದಾಗಲೇ ನಿಜವಾದ ಬದಲಾವಣೆ ಕಾಣಿಸಿತು. ಅಕ್ಟೋಬರ್ ತಿಂಗಳೊಂದರಲ್ಲೇ 200 ಕೋಟಿಗೂ ಹೆಚ್ಚು ವ್ಯವಹಾರಗಳಾದವು. 2019–20ರ ಸಾಲಿನಲ್ಲಿ ಸುಮಾರು 1,250 ಕೋಟಿಯಷ್ಟಿದ್ದ ವ್ಯವಹಾರಗಳ ಸಂಖ್ಯೆ 2021–22ರಲ್ಲಿ ಸುಮಾರು 4,600 ಕೋಟಿಗೆ ಏರಿತು. ಮನೆಯಲ್ಲಿ ಕೂಡಿಹಾಕಿದ ದಿನಗಳಲ್ಲಿ ಕಲಿತುದನ್ನು ಜನರು ಹೊರಗೆ ಬಂದ ಮೇಲೂ ಮರೆಯಲಿಲ್ಲ.

ಹಾಗಾದರೆ ಜನರು ನೋಟನ್ನು ಕೈಬಿಟ್ಟರೇ? ಇಲ್ಲ. ಇದೇ ಈ ಕಥೆಯ ಎರಡನೆಯ ಮುಖ. ಅದೇ 2020–21ರ ಸಾಲಿನಲ್ಲಿ ದೇಶದಲ್ಲಿ ಚಲಾವಣೆಯಲ್ಲಿದ್ದ ನೋಟುಗಳ ಮೌಲ್ಯವು ಶೇಕಡಾ 16.8ರಷ್ಟು ಹೆಚ್ಚಿತೆಂದು ರಿಸರ್ವ್ ಬ್ಯಾಂಕಿನ ವಾರ್ಷಿಕ ವರದಿ ತಿಳಿಸಿತು. ನೋಟಿಗೆ ಹೆದರಿದ ಜನರೇ ನೋಟನ್ನು ಕೂಡಿಟ್ಟರು! ಇದರಲ್ಲಿ ವಿರೋಧವೇನೂ ಇಲ್ಲ. ನಾಳೆ ಏನಾಗುವುದೋ ತಿಳಿಯದಿರುವಾಗ ಮನುಷ್ಯನು ಕೈಯಲ್ಲಿರುವ ಕಾಸನ್ನೇ ನಂಬುತ್ತಾನೆ. ಮನೆಯಲ್ಲಿ ಕಾಯಿಲೆಯವರಿದ್ದಾಗ, ನಡುರಾತ್ರಿ ವಾಹನ ಬೇಕಾದಾಗ, ವಿದ್ಯುತ್ತು ಹೋಗಿ ಮೊಬೈಲು ಮೂಕವಾದಾಗ, ಸಾಸಿವೆ ಡಬ್ಬಿಯ ನೋಟು ಒದಗುತ್ತದೆ. ನಿತ್ಯದ ಕೊಡುಕೊಳ್ಳುವಿಕೆಗೆ ಮೊಬೈಲು, ಆಪತ್ತಿಗೆ ಡಬ್ಬಿ ಎಂದು ಜನರು ತಮ್ಮಷ್ಟಕ್ಕೆ ತಾವೇ ಒಂದು ಹಂಚಿಕೆಯನ್ನು ಮಾಡಿಕೊಂಡರು. ಇದನ್ನು ಅಜ್ಞಾನವೆಂದು ಹಳಿಯುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಇನ್ನು, ಅಂಗೈಯೊಳಗಿನ ಬ್ಯಾಂಕು ಯಾರ ಅಂಗೈಗೆ ತಲುಪಲಿಲ್ಲವೆಂಬುದನ್ನು ನೋಡೋಣ. ಲಾಕ್‌ಡೌನಿನ ಸಮಯದಲ್ಲಿ ಕೇಂದ್ರ ಸರ್ಕಾರವು ಜನಧನ ಖಾತೆಯುಳ್ಳ ಸುಮಾರು ಇಪ್ಪತ್ತು ಕೋಟಿ ಮಹಿಳೆಯರಿಗೆ ತಿಂಗಳಿಗೆ 500 ರೂಪಾಯಿಯಂತೆ ಮೂರು ತಿಂಗಳು ಹಣ ಹಾಕಿತು. ಹಣವೇನೋ ಕಣ್ಣಿಗೆ ಕಾಣದ ಹಾದಿಯಲ್ಲಿ ಖಾತೆಯನ್ನು ಸೇರಿತು. ಆದರೆ ಅದನ್ನು ಅಕ್ಕಿಬೇಳೆಯನ್ನಾಗಿ ಮಾಡಿಕೊಳ್ಳಲು ಹೆಚ್ಚಿನವರು ಬ್ಯಾಂಕಿಗೇ ಬರಬೇಕಾಗಿತ್ತು. ಗುಂಪು ಸೇರಬಾರದೆಂದು ದಿನಗಳನ್ನು ಹಂಚಲಾಯಿತು. ಖಾತೆಯ ಸಂಖ್ಯೆ ಸೊನ್ನೆ ಅಥವಾ ಒಂದರಲ್ಲಿ ಮುಗಿಯುವವರು ಏಪ್ರಿಲ್ 3ರಂದು, ಎರಡು ಅಥವಾ ಮೂರರಲ್ಲಿ ಮುಗಿಯುವವರು 4ರಂದು, ಹೀಗೆ ಒಂಬತ್ತನೆಯ ತಾರೀಖಿನವರೆಗೆ ಸರದಿ ಗೊತ್ತಾಯಿತು. ಅನೇಕ ಹಳ್ಳಿಗಳಲ್ಲಿ ಅಂಚೆಯವರು ಬೆರಳಚ್ಚಿನ ಯಂತ್ರವನ್ನು ಹಿಡಿದು ಮನೆಬಾಗಿಲಿಗೇ ಹಣವನ್ನು ತಂದುಕೊಟ್ಟರು. ಆ ಕಷ್ಟಕಾಲದಲ್ಲಿ ಅವರು ಮಾಡಿದ ಸೇವೆ ಸ್ಮರಣೀಯವಾದುದು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಅಂಶಗಳನ್ನು ಇದರೊಡನೆ ಇಟ್ಟು ನೋಡಿದರೆ ಸಂಗತಿ ಇನ್ನೂ ಸ್ಪಷ್ಟವಾಗುತ್ತದೆ. ತಾವೇ ಬಳಸುವ ಬ್ಯಾಂಕ್ ಖಾತೆಯುಳ್ಳ ಮಹಿಳೆಯರು ನೂರಕ್ಕೆ ಸುಮಾರು 79 ಮಂದಿ. ತಾವೇ ಬಳಸುವ ಮೊಬೈಲುಳ್ಳವರು 54 ಮಂದಿ. ಇಂಟರ್‌ನೆಟ್ಟನ್ನು ಒಮ್ಮೆಯಾದರೂ ಬಳಸಿದ್ದವರು 33 ಮಂದಿ ಮಾತ್ರ. ಖಾತೆಯಿಂದ ಅಂಗೈಗೆ ಬರುವ ದಾರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹಿಂದೆಯೇ ಉಳಿದಿದ್ದರು. ಅವರ ಪರವಾಗಿ ಬೇರೆ ಯಾರೋ ಗುಂಡಿಯನ್ನು ಒತ್ತಬೇಕಾಯಿತು. ಬಹಳ ಮನೆಗಳಲ್ಲಿ ಆ ‘ಬೇರೆ ಯಾರೋ’ ಆಗಿದ್ದವರು ನಿಮ್ಮ ವಯಸ್ಸಿನ ಮಕ್ಕಳು.

ನಮ್ಮ ನೆರೆಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಅವರಿಗೆ ಅಕ್ಷರ ಬಾರದು. ವೃದ್ಧಾಪ್ಯ ವೇತನದ ಹಣದಲ್ಲಿ ಅಷ್ಟಿಷ್ಟನ್ನು ಉಳಿಸಿ ಖಾತೆಯಲ್ಲಿ ಇಟ್ಟಿದ್ದರು. ಅವರ ಮೊಮ್ಮಗ ಆಗ ಒಂಬತ್ತನೆಯ ತರಗತಿಯಲ್ಲಿದ್ದ. ಶಾಲೆ ಮುಚ್ಚಿದ್ದುದರಿಂದ ಪಾಠ ಕೇಳಲೆಂದು ಮನೆಗೆ ಒಂದು ಮೊಬೈಲು ಬಂತು. ಅಜ್ಜಿಯ ಖಾತೆಯನ್ನು ಅದಕ್ಕೆ ಜೋಡಿಸಿದ್ದೂ ಅವನೇ. ಅಂದಿನಿಂದ ದಿನಸಿಯ ಹಣ, ವಿದ್ಯುತ್ತಿನ ಬಿಲ್ಲು, ಔಷಧಿಯ ಹಣ ಎಲ್ಲವೂ ಅವನ ಬೆರಳ ತುದಿಯಲ್ಲಿ ಸಂದಾಯವಾಗುತ್ತಿದ್ದವು. ಅಜ್ಜಿ ಕಂಡವರ ಮುಂದೆಲ್ಲ ಅವನನ್ನು ಹೊಗಳುತ್ತಿದ್ದರು.

ಒಂದು ದಿನ ಆ ಹುಡುಗ ತನ್ನ ಹಳೆಯ ಸೈಕಲ್ಲನ್ನು ಮಾರುವುದಾಗಿ ಮೊಬೈಲಿನಲ್ಲಿ ಪ್ರಕಟಿಸಿದ. ದೂರದ ಊರಿನವನೊಬ್ಬ ಕರೆಮಾಡಿ, ಬೆಲೆಯಲ್ಲಿ ಚೌಕಾಸಿಯನ್ನೂ ಮಾಡದೆ 2,500 ರೂಪಾಯಿಗೆ ಒಪ್ಪಿಕೊಂಡ. “ಹಣ ಕಳುಹಿಸುತ್ತಿದ್ದೇನೆ, ನಿನ್ನ ಗುಟ್ಟಿನ ಸಂಖ್ಯೆಯನ್ನು ಒತ್ತು, ಖಾತೆಗೆ ಬರುತ್ತದೆ” ಎಂದ. ಹುಡುಗ ಒತ್ತಿದ. ಹಣ ಬರುವ ಬದಲು ಹೋಯಿತು. “ಏನೋ ತಪ್ಪಾಗಿದೆ, ಇನ್ನೊಮ್ಮೆ ಒತ್ತಿದರೆ ಎರಡೂ ಸೇರಿ ಬರುತ್ತದೆ” ಎಂದ ಆ ಮನುಷ್ಯ. ಗಾಬರಿಗೊಂಡ ಹುಡುಗ ಮತ್ತೊಮ್ಮೆ ಒತ್ತಿದ. ಅಜ್ಜಿಯ ಐದು ಸಾವಿರ ರೂಪಾಯಿ ಎರಡು ನಿಮಿಷದಲ್ಲಿ ಕಾಣೆಯಾಯಿತು. ಅದು ಮತ್ತೆ ಅವರ ಕೈಗೆ ಬರಲಿಲ್ಲ.

ಅಂದು ಸಂಜೆ ನಾನು ಅವರ ಮನೆಗೆ ಹೋಗಿದ್ದೆ. ಹುಡುಗ ಗೋಡೆಗೆ ಮುಖಮಾಡಿ ಕುಳಿತಿದ್ದ. ಅಜ್ಜಿ ಅವನನ್ನು ಬಯ್ಯಲಿಲ್ಲ. “ಬ್ಯಾಂಕಿನಲ್ಲಿ ನಾನು ಹೆಬ್ಬೆಟ್ಟು ಒತ್ತುವ ಮುಂಚೆ ಅಲ್ಲಿಯವರು, ‘ಅಜ್ಜೀ, ಐನೂರು ರೂಪಾಯಿ ತೆಗೆಯುತ್ತಿದ್ದೀರಿ, ಸರಿಯೇ?’ ಎಂದು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ನಿನಗೆ ಯಾರೂ ಓದಿ ಹೇಳಲಿಲ್ಲವೇನಪ್ಪಾ?” ಎಂದು ಕೇಳಿದರು.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಣ ಕೊಡುವುದು ಎಂದೇ ಅದರಲ್ಲಿ ಬರೆದಿತ್ತು ಅಜ್ಜಿ. ನಾನೇ ಓದಲಿಲ್ಲ” ಎಂದ.

ಆ ಮಾತು ಇಂದಿಗೂ ನನ್ನ ಮನಸ್ಸಿನಲ್ಲಿದೆ. ಓದಲು ಬಾರದ ಅಜ್ಜಿ ಓದಿಸಿಕೊಂಡು ಕೇಳದೆ ಹೆಬ್ಬೆಟ್ಟು ಒತ್ತಿದವರಲ್ಲ. ಓದಲು ಬರುವ ಮೊಮ್ಮಗ ಓದದೆ ಬೆರಳು ಒತ್ತಿದ. ಆ ಹುಡುಗನನ್ನು ನಾನು ದೂರುವುದಿಲ್ಲ. ಭಯ ಮತ್ತು ಅವಸರದಲ್ಲಿ ನಾವೆಲ್ಲರೂ ಕಲಿತ ರೀತಿಯೇ ಹಾಗಿತ್ತು. ಯಾವ ಗುಂಡಿಯನ್ನು ಒತ್ತಬೇಕೆಂಬುದನ್ನು ಕಲಿತೆವು. ಒತ್ತಿದರೆ ಏನಾಗುತ್ತದೆ ಎಂಬುದನ್ನು ಕಲಿಯಲಿಲ್ಲ. ಬೆರಳಿಗೆ ಆದ ಶಿಕ್ಷಣ ಬುದ್ಧಿಗೆ ಆಗಲಿಲ್ಲ.

ಕೆಲವರು, “ಹೊಸದು ಬಂದಾಗ ಇಂತಹ ನಷ್ಟಗಳು ಸಹಜ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಇಂದಲ್ಲ ನಾಳೆ ಎಲ್ಲರೂ ಕಲಿಯುತ್ತಾರೆ” ಎನ್ನುತ್ತಾರೆ. ಇನ್ನು ಕೆಲವರು, “ಹಳೆಯ ಪದ್ಧತಿಯೇ ಚೆನ್ನಾಗಿತ್ತು; ಈ ಮೊಬೈಲಿನ ಸಹವಾಸವೇ ಬೇಡ” ಎನ್ನುತ್ತಾರೆ. ಈ ಎರಡು ಮಾತುಗಳನ್ನೂ ನಾನು ಒಪ್ಪಲಾರೆ. ಹಳೆಯದಕ್ಕೆ ಹಿಂದಿರುಗುವುದು ಆಗುವ ಮಾತಲ್ಲ, ಆಗಬೇಕಾದುದೂ ಅಲ್ಲ. ಬೆಂಗಳೂರಿನಲ್ಲಿ ಗಾರೆಕೆಲಸ ಮಾಡುವ ಮಗ ತನ್ನ ಕೂಲಿಯನ್ನು ಅಂದೇ ಸಂಜೆ ರಾಯಚೂರಿನ ತಾಯಿಗೆ ಕಳುಹಿಸಬಲ್ಲನೆಂದರೆ ಅದು ಸಣ್ಣ ಸಂಗತಿಯಲ್ಲ. ಬ್ಯಾಂಕಿಗೆ ಹೋಗಲೆಂದು ಒಂದು ದಿನದ ಕೂಲಿಯನ್ನು ಕಳೆದುಕೊಳ್ಳುತ್ತಿದ್ದವನಿಗೆ ಆ ಕೂಲಿ ಉಳಿಯಿತು. ಆದರೆ ಎಲ್ಲರೂ ತಾವಾಗಿಯೇ ಕಲಿತುಕೊಳ್ಳುತ್ತಾರೆಂದು ಕೈಕಟ್ಟಿ ಕುಳಿತರೆ, ಕಲಿಯಲಾಗದವರು ನಷ್ಟದಿಂದಲೇ ಪಾಠ ಕಲಿಯಬೇಕಾಗುತ್ತದೆ. ಬಡವರ ಪಾಲಿಗೆ ಅದು ಬಹಳ ದುಬಾರಿಯಾದ ಪಾಠ.

ಈ ವಿಷಯದಲ್ಲಿ ನಮ್ಮ ನಾಡಿನ ಹಿಂದಿನ ಅನುಭವವೇ ನಮಗೆ ದಾರಿ ತೋರಿಸುತ್ತದೆ. 1925ರಲ್ಲಿ ಉಡುಪಿಯಲ್ಲಿ ಆರಂಭವಾಗಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯೆಂಬ ಯೋಜನೆಯನ್ನು ತಂದಿತು. ಬ್ಯಾಂಕಿನ ಪರವಾಗಿ ಒಬ್ಬನು ದಿನವೂ ಮನೆಮನೆಗೆ, ಅಂಗಡಿ ಅಂಗಡಿಗೆ ಹೋಗಿ ಎರಡಾಣೆಯಷ್ಟು ಸಣ್ಣ ಹಣವನ್ನೂ ಪಡೆದು ಲೆಕ್ಕ ಬರೆದುಕೊಡುತ್ತಿದ್ದ. ಬ್ಯಾಂಕಿನ ಮೆಟ್ಟಿಲನ್ನು ಹತ್ತಲು ಅಂಜುತ್ತಿದ್ದ ಬಡವರು ಉಳಿತಾಯವನ್ನು ಕಲಿತದ್ದು ಹೀಗೆ. ಜನರು ಬ್ಯಾಂಕಿನ ಬಳಿಗೆ ಬರಲಾರದಿದ್ದಾಗ ಬ್ಯಾಂಕೇ ಜನರ ಬಳಿಗೆ ಹೋಯಿತು. ಅದರೊಡನೆ ಒಬ್ಬ ಪರಿಚಿತ ಮನುಷ್ಯನೂ ಹೋದ. ಆ ಬ್ಯಾಂಕು 2020ರ ಏಪ್ರಿಲ್ 1ರಂದು, ಲಾಕ್‌ಡೌನಿನ ನಡುವೆಯೇ, ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಹೆಸರು ಹೋಯಿತು. ಆದರೆ ಅದು ಕಲಿಸಿದ ಪಾಠ ಹೋಗಬಾರದು.

ಇಂದಿನ ಬ್ಯಾಂಕೂ ಜನರ ಅಂಗೈಗೆ ಬಂದಿದೆ. ಆದರೆ ಅದರೊಡನೆ ಮನುಷ್ಯನು ಬಂದಿಲ್ಲ. ಆದುದರಿಂದ ಬ್ಯಾಂಕುಗಳು ಮೊಬೈಲಿನ ಸೇವೆಯನ್ನು ಬೆಳೆಸುವುದರೊಡನೆ ಕೌಂಟರಿನ ಹಿಂದೆ ಕುಳಿತು ಕನ್ನಡದಲ್ಲಿ ಮಾತನಾಡುವ ಮನುಷ್ಯನನ್ನೂ ಉಳಿಸಿಕೊಳ್ಳಬೇಕು. ಅಂಗಡಿಯ ಪೆಟ್ಟಿಗೆ ವ್ಯಾಪಾರಿಗೆ ಬಂದ ಹಣವನ್ನು ಗಟ್ಟಿಯಾಗಿ ಹೇಳುವಂತೆ, ಕೊಡುವವರಿಗೂ ಅವರ ಭಾಷೆಯಲ್ಲಿ ‘ಇಷ್ಟು ಹಣ ಇಂಥವರಿಗೆ ಹೋಗುತ್ತಿದೆ, ಸರಿಯೇ?’ ಎಂದು ಓದಿ ಹೇಳುವ ಏರ್ಪಾಡು ಎಲ್ಲೆಡೆ ಬರಬೇಕು. ಸಾಧಾರಣ ಮೊಬೈಲಿನಿಂದ, ಇಂಟರ್‌ನೆಟ್ಟಿನ ನೆರವಿಲ್ಲದೆ ಹಣ ಕಳುಹಿಸುವ ಸೇವೆಯೊಂದನ್ನು 2022ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕು ಆರಂಭಿಸಿತು. ಇದು ಸರಿಯಾದ ದಾರಿಯಲ್ಲಿ ಇಟ್ಟ ಹೆಜ್ಜೆ.

ವಿದ್ಯಾರ್ಥಿಗಳಾದ ನಿಮ್ಮ ಹೊಣೆಯೂ ಇದರಲ್ಲಿ ಉಂಟು. ಹತ್ತು ವರ್ಷ ತುಂಬಿದ ಮಕ್ಕಳು ತಮ್ಮ ಹೆಸರಿನಲ್ಲಿ ಉಳಿತಾಯ ಖಾತೆಯನ್ನು ತೆರೆದು ತಾವೇ ನಡೆಸಲು ಬ್ಯಾಂಕುಗಳು ಅವಕಾಶ ಕೊಡಬಹುದೆಂದು ರಿಸರ್ವ್ ಬ್ಯಾಂಕು 2014ರಲ್ಲಿಯೇ ಹೇಳಿದೆ. ಆದುದರಿಂದ ಇದು ದೊಡ್ಡವರ ವಿಷಯವೆಂದು ನೀವು ದೂರವಿರುವ ಹಾಗಿಲ್ಲ. ಕೆಲವು ಸಂಗತಿಗಳನ್ನು ಚೆನ್ನಾಗಿ ತಿಳಿದುಕೊಳ್ಳಿರಿ. ಹಣವನ್ನು ಕೊಡಲು ಗುಟ್ಟಿನ ಸಂಖ್ಯೆ ಬೇಕು, ಪಡೆಯಲು ಬೇಡ. ಆ ಸಂಖ್ಯೆ ರುಜುವಿಗೆ ಸಮಾನ. ಬರಿಯ ಕಾಗದಕ್ಕೆ ರುಜು ಹಾಕದ ನೀವು ಓದದೆ ಅದನ್ನು ಒತ್ತಬಾರದು. ಬ್ಯಾಂಕಿನವರು, ಪೊಲೀಸಿನವರು ಎಂದು ಹೇಳಿಕೊಂಡು ಯಾರೇ ಕೇಳಿದರೂ ಅದನ್ನು ಹೇಳಬಾರದು. ಅವಸರ ಪಡಿಸುವವನ ಮೇಲೆ ಸಂದೇಹವಿರಲಿ. ಮೋಸಗಾರನಿಗೆ ಬೇಕಾದುದು ನಮ್ಮ ಗಾಬರಿ. ಮೋಸವಾಯಿತೆಂದು ತಿಳಿದ ಕೂಡಲೆ ನಾಚಿಕೆಯಿಂದ ಮುಚ್ಚಿಡದೆ 1930 ಎಂಬ ಸಹಾಯವಾಣಿಗೂ ಬ್ಯಾಂಕಿಗೂ ತಿಳಿಸಬೇಕು. ತಡಮಾಡಿದಷ್ಟೂ ಹಣ ಕೈಯಿಂದ ಕೈಗೆ ಹೋಗಿ ಸಿಕ್ಕದಾಗುತ್ತದೆ. ಗ್ರಾಹಕನೇ ಗುಟ್ಟನ್ನು ಬಿಟ್ಟುಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗೆ ಆದ ನಷ್ಟವನ್ನು ಅವನೇ ಹೊರಬೇಕೆಂದು ರಿಸರ್ವ್ ಬ್ಯಾಂಕಿನ 2017ರ ಆದೇಶವು ಹೇಳಿತು.

ಇವೆಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಮನೆಯ ಹಿರಿಯರಿಗಾಗಿ ಗುಂಡಿ ಒತ್ತಿ ಕೊಡುವುದು ಉಪಕಾರವೇ ಸರಿ. ಆದರೆ ಅವರ ಗುಟ್ಟಿನ ಸಂಖ್ಯೆ ಮೊಮ್ಮಗನಿಗೆ ಗೊತ್ತಿದ್ದು ಅವರಿಗೇ ಗೊತ್ತಿಲ್ಲವೆಂದಾದರೆ, ಅವರ ಹಣ ಅವರದಾಗಿ ಉಳಿಯುವುದು ಹೇಗೆ? ತಮ್ಮ ಹಣವನ್ನು ತಾವೇ ಎಣಿಸಿ ಬಾಳಿದವರು ಕೊನೆಗಾಲದಲ್ಲಿ ಮಕ್ಕಳ ಬಿಡುವಿಗಾಗಿ ಕಾಯುವಂತಾಗಬಾರದು. ಆದುದರಿಂದ ಸಾಧ್ಯವಿದ್ದಷ್ಟನ್ನು ಅವರಿಗೆ ಕಲಿಸಿರಿ. ಕಲಿಯಲಾಗದಿದ್ದರೆ, ಒತ್ತುವ ಮುಂಚೆ ಮೊತ್ತವನ್ನೂ ಪಡೆಯುವವರ ಹೆಸರನ್ನೂ ಅವರಿಗೆ ಗಟ್ಟಿಯಾಗಿ ಓದಿ ಹೇಳಿರಿ; ಅವರು ‘ಸರಿ’ ಎಂದ ಮೇಲೆಯೇ ಮುಂದುವರಿಯಿರಿ. ಕೌಂಟರಿನ ಹಿಂದಿದ್ದ ಗುಮಾಸ್ತರು ಮಾಡುತ್ತಿದ್ದುದು ಇಷ್ಟೇ. ಅದು ಸಣ್ಣ ಕೆಲಸ. ಆದರೆ ಅದರಲ್ಲಿ ಗೌರವವಿತ್ತು.

‘ದುಡ್ಡೇ ದೊಡ್ಡಪ್ಪ, ವಿದ್ಯೆ ಅವರಪ್ಪ’ ಎಂಬ ಗಾದೆಯನ್ನು ನೀವು ಕೇಳಿದ್ದೀರಿ. ದುಡ್ಡು ಅಂಗೈಗೆ ಬಂದ ಈ ಕಾಲದಲ್ಲಿ ಆ ಗಾದೆಯ ಎರಡನೆಯ ಮಾತು ಮೊದಲಿಗಿಂತ ಹೆಚ್ಚು ಬೇಕಾಗಿದೆ. ನೆರೆಮನೆಯ ಆ ಹುಡುಗ ಈಗ ದೊಡ್ಡವನಾಗಿದ್ದಾನೆ. ತನ್ನ ಮೊದಲ ಸಂಬಳದಲ್ಲಿ ಐದು ಸಾವಿರ ರೂಪಾಯಿಯನ್ನು ಅಜ್ಜಿಯ ಖಾತೆಗೆ ಹಾಕಿದ. ಹಾಕುವ ಮುಂಚೆ ಅವರ ಪಕ್ಕದಲ್ಲಿ ಕುಳಿತು ಮೊತ್ತವನ್ನೂ ಹೆಸರನ್ನೂ ಓದಿ ಹೇಳಿದ. ಅಜ್ಜಿ ಕೇಳಿಸಿಕೊಂಡು, “ಸರಿಯಾಗಿದೆ, ಒತ್ತು” ಎಂದರು.